ಗೇಜ್‌ನ ಹೆಂಡತಿಯನ್ನು ಇನ್ನಾದರೂ ಬಿಟ್ಟುಬಿಡಿ

ಪ್ರಶ್ನೆ: 1775ರ ಏಪ್ರಿಲ್‌ನಲ್ಲಿ ಅಮೆರಿಕದ ಕಾಂಕರ್ಡ್ ಊರಿನ ಮೇಲೆ ಬ್ರಿಟಿಷ್ ಸೈನ್ಯ ನಡೆಸಿದ ದಾಳಿಯ ಗುಟ್ಟನ್ನು ಬ್ರಿಟಿಷರ ವಿರುದ್ಧ ಎದ್ದಿದ್ದ ಬಂಡಾಯಗಾರರಿಗೆ ಹೇಳಿದ್ದು ಮಸಾಚುಸೆಟ್ಸ್‌ನ ಬ್ರಿಟಿಷ್ ಗವರ್ನರ್ ಆಗಿದ್ದ ಜನರಲ್ ಥಾಮಸ್ ಗೇಜ್‌ನ ಹೆಂಡತಿಯಂತೆ, ನಿಜವೇ?

ಈ ತಿಂಗಳಲ್ಲಿ ಇದೇ ಪ್ರಶ್ನೆ ನಾಲ್ಕನೇ ಸಲ. ಯಾರೋ ಹಿಂದೆ ಪಿಟೀಲು ಹಾಕಿ ವಿಡಿಯೋ ಮಾಡಿರಬೇಕು. ಆ ಹೆಂಡತಿ ಮಾರ್ಗರೆಟ್ ಅಮೆರಿಕದ ನ್ಯೂಜೆರ್ಸಿಯವಳು, ಅಷ್ಟು ನಿಜ. ದಾಳಿಯ ವಿಷಯವನ್ನು ಇನ್ನೊಬ್ಬರಿಗೆ ಮಾತ್ರ ಹೇಳಿದ್ದೆ ಅಂತ ಗೇಜ್ ಅಂದಿದ್ದನಂತೆ. ಹಾಗಂತ ಒಬ್ಬ ಬ್ರಿಟಿಷ್ ಅಧಿಕಾರಿ ಎಷ್ಟೋ ವರ್ಷದ ನಂತರ ಬರೆದ. ಆ ಇನ್ನೊಬ್ಬರು ಯಾರು ಅಂತ ಬರೆಯಲಿಲ್ಲ. ಖಾಲಿ ಬಿಟ್ಟ ಆ ಜಾಗದಲ್ಲಿ ಹೆಂಡತಿಯನ್ನು ತಂದು ಕೂರಿಸಿದ್ದು ಆಮೇಲಿನವರು. ಅಮೆರಿಕದವಳು, ಮೇಲಾಗಿ ಹೆಂಗಸು, ಇನ್ನೇನು ಬೇಕು ಅಲ್ವಾ?

ಅಷ್ಟಕ್ಕೂ ಯಾವ ಗುಟ್ಟು? ದಾಳಿಗೆ ಸುಮಾರು ಹತ್ತು ದಿನ ಮೊದಲೇ ಬಂಡಾಯಗಾರರ ಸುದ್ದಿ ಒಯ್ಯುತ್ತಿದ್ದ ಪಾಲ್ ರಿವೀರ್ ಕಾಂಕರ್ಡ್‌ಗೆ ಹೋಗಿ ಎಚ್ಚರಿಸಿದ್ದ, ಅಲ್ಲಿನವರು ಮದ್ದುಗುಂಡು ಸಾಗಿಸಲು ಶುರು ಮಾಡಿದ್ದರು. 15ರಂದು ಗೇಜ್ ಬೋಸ್ಟನ್‌ನಲ್ಲಿದ್ದ ತನ್ನ ಒಳ್ಳೊಳ್ಳೆ ತುಕಡಿಗಳನ್ನು ಹೊಸ ಕವಾಯತು ಕಲಿಸುವ ನೆಪದಲ್ಲಿ ಕಾವಲಿನಿಂದ ಬಿಡಿಸಿದ, ದೋಣಿಗಳನ್ನು ನೀರಿಗಿಳಿಸಿ ಯುದ್ಧದ ಹಡಗುಗಳ ಪಕ್ಕ ಕಟ್ಟಿಸಿದ, 18ರಂದು ಹಗಲಲ್ಲೇ ಕುದುರೆ ಮೇಲೆ ಅಧಿಕಾರಿಗಳನ್ನು ಊರಾಚೆ ಕಳಿಸಿದ, ಇದನ್ನೆಲ್ಲ ಬೋಸ್ಟನ್ ಜನ ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದರೇ? ಆಕೆ ಹೇಳಲೇ ಇಲ್ಲ ಅಂತ ನಾನು ಆಣೆ ಮಾಡುವುದಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲ ಅನ್ನುತ್ತಿದ್ದೇನೆ.

ಸಿಟ್ಟಿನಿಂದ ಆಕೆಯನ್ನು ಇಂಗ್ಲೆಂಡಿಗೆ ಸಾಗಹಾಕಿದ ಅನ್ನೋದು ಇನ್ನೊಂದು ಪುರಾಣ. ಆ ಬೇಸಿಗೆಯಲ್ಲಿ ಬೋಸ್ಟನ್‌ಗೆ ಬಂಡಾಯಗಾರರ ಮುತ್ತಿಗೆ ಬಿದ್ದಿತ್ತು ಸ್ವಾಮಿ. ಅಂಥ ಊರಲ್ಲಿ ಹೆಂಡತಿಯನ್ನು ಇಟ್ಟುಕೊಂಡಿದ್ದರೆ ಅನುಮಾನ ಪಡಬೇಕಿತ್ತು! ಅಕ್ಟೋಬರ್‌ನಲ್ಲಿ ಅವನೂ ಹೊರಟ. ಗುಟ್ಟು ಮಾರಿದವರ ಕತೆಯೇ ಬೇಕಿದ್ದರೆ ಡಾಕ್ಟರ್ ಬೆಂಜಮಿನ್ ಚರ್ಚ್ ಬಗ್ಗೆ ಓದಿ. ಬಂಡಾಯದ ಮುಂದಾಳುಗಳ ಜೊತೆ ಕೂತು, ಗೇಜ್‌ಗೆ ಸುದ್ದಿ ಕಳಿಸುತ್ತಿದ್ದವನು ಅವನು.

ಪ್ರಶ್ನೆ: ಗೇಜ್ ಪುಕ್ಕಲನಲ್ವಾ?

ಲಂಡನ್‌ನಲ್ಲೂ ಹಾಗೇ ಅಂದುಕೊಂಡರು. ಹತ್ತು ಸಾವಿರ ಸೈನಿಕರು ಸಾಕು ಅನಿಸಿದರೆ ಇಪ್ಪತ್ತು ಸಾವಿರ ಕಳಿಸಿ ಅಂತ 1774ರಲ್ಲೇ ಬರೆದಿದ್ದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಜೂನ್‌ನಲ್ಲಿ ಬಂಕರ್ ಹಿಲ್ ಕಾಳಗದಲ್ಲಿ ಒಂದೇ ದಿನ ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು ಇಲ್ಲವೇ ಗಾಯಗೊಂಡರು.

ಪ್ರಶ್ನೆ: 1773ರಲ್ಲಿ ಬೋಸ್ಟನ್‌ನಲ್ಲಿ ಬಂಡಾಯಗಾರರು ಟೀ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದಾಗ ಗೇಜ್ ಯಾಕೆ ತಡೆಯಲಿಲ್ಲ?

ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದ.

ಪ್ರಶ್ನೆ: ಟಿಪ್ಪು ಮೇಲೆ ಶ್ರೀರಂಗಪಟ್ಟಣಕ್ಕೆ ಬಂದವನು ಇವನೇನಾ?

ಅಲ್ಲ, ಅಲ್ಲ, ಅಲ್ಲ. 1792ರಲ್ಲಿ ಬಂದವನು ಕಾರ್ನ್‌ವಾಲಿಸ್. ಗೇಜ್ 1787ರಲ್ಲೇ ತೀರಿಹೋಗಿದ್ದ.