ದೂರದ ಯುದ್ಧ ಮುಂದೆ ಯಾವ ಹಾದಿ ಹಿಡಿಯುತ್ತದೆಂದು ಅಂದಾಜಿಸುವುದರಲ್ಲಿ ಪಳಗುವುದು ಹೇಗೆ?

ಉಕ್ರೇನಿನ ನಕ್ಷೆಯನ್ನು ದಿನಕ್ಕೆ ಮೂರು ಗಂಟೆ ನೋಡುತ್ತೀರಿ, ನಿಮ್ಮ ಊಹೆಗಳಲ್ಲಿ ಹತ್ತಕ್ಕೆ ಏಳು ಸರಿಯಾಗುತ್ತಿವೆ, ಈಗ ಮನೆಯವರೂ ಗೆಳೆಯರೂ ನಿಮ್ಮನ್ನೇ ಕೇಳತೊಡಗಿದ್ದಾರೆ, ಇನ್ನಷ್ಟು ಪಳಗಲು ಯಾವ ಮೂಲಗಳನ್ನು ನಂಬಬೇಕು ಎಂದು ಕೇಳಿದ್ದೀರಿ. ‘ನನ್ನನ್ನೇ ಕೇಳತೊಡಗಿದ್ದಾರೆ’ ಎಂಬ ಮಾತನ್ನು ಓದಿದ ಮೇಲೆ ಮೂಲಗಳ ವಿಚಾರವನ್ನು ಬದಿಗಿಟ್ಟು ನನ್ನ ಕಥೆಯನ್ನೇ ಹೇಳಬೇಕೆನಿಸಿತು.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದವನು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಸಮಾಜ ಪಾಠ ಮಾಡಿ 2019ರಲ್ಲಿ ನಿವೃತ್ತನಾದೆ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಬೈಲು, ಅಂದರೆ ನಾಲ್ಕಾರು ಮನೆಗಳ ಗುಂಪು, ನಮ್ಮ ಕಡೆ ಇರಲಿಲ್ಲ. ಸಂಜೆ ಶಾಲೆಯ ಅಟ್ಲಾಸನ್ನು ಜಗಲಿಯಲ್ಲಿ ಹರಡಿ, ರೇಡಿಯೋದಲ್ಲಿ ಕೇಳಿದ ಊರುಗಳನ್ನು ಪೆನ್ಸಿಲಿನಿಂದ ಗುರುತು ಮಾಡಿ, ಬಂದವರಿಗೆಲ್ಲ ವಿವರಿಸುವುದು ನನಗೆ ಅಭ್ಯಾಸವಾಯಿತು. ಸುಮಾರು 1,70,000 ಭಾರತೀಯರನ್ನು ಜೋರ್ಡಾನಿನ ಅಮ್ಮಾನಿನ ಮೂಲಕ ವಿಮಾನದಲ್ಲಿ ಕರೆತಂದರು. ನಮ್ಮ ಬೈಲಿನ ಇಬ್ಬರು ಅದರಲ್ಲಿ ಬಂದರು. ನೆಲದ ಮೇಲಿನ ಯುದ್ಧ ಶುರುವಾದರೆ ಒಂದು ವಾರವೂ ನಿಲ್ಲದು ಎಂದು ನಾನು ಹೇಳಿದ್ದೆ. ಅದು ನೂರು ಗಂಟೆಗಳಲ್ಲಿ ಮುಗಿದು 1991ರ ಫೆಬ್ರವರಿ 28ಕ್ಕೆ ಕದನ ನಿಂತಾಗ ನನಗೆ ‘ಯುದ್ಧದ ಮಾಷ್ಟ್ರು’ ಎಂಬ ಹೆಸರು ಅಂಟಿಕೊಂಡಿತು. ಕಾರ್ಗಿಲ್, ಅಫ್ಘಾನಿಸ್ತಾನ, ಮತ್ತೆ ಇರಾಕ್, ಸಿರಿಯಾ ಎಂದು ಮುಂದಿನ ಮೂವತ್ತು ವರ್ಷ ಆ ಹೆಸರಿಗೆ ಬರಗಾಲವೇ ಬರಲಿಲ್ಲ. ಅಟ್ಲಾಸಿನ ಜಾಗಕ್ಕೆ ಮೊಬೈಲು ಬಂತು, ಜಗಲಿಯ ಜಾಗಕ್ಕೆ ಕುಟುಂಬದ ವಾಟ್ಸಾಪ್ ಗುಂಪು ಬಂತು, ಅಷ್ಟೆ.

2022ರ ಫೆಬ್ರವರಿಯಲ್ಲಿ ನನ್ನ ತಂಗಿಯ ಮಗ ಉಕ್ರೇನಿನ ಖಾರ್ಕಿವ್‌ನಲ್ಲಿ ನಾಲ್ಕನೆಯ ವರ್ಷದ ವೈದ್ಯಕೀಯ ಓದುತ್ತಿದ್ದ. ಅಲ್ಲಿಂದ ರಷ್ಯದ ಗಡಿಗೆ ಸುಮಾರು 40 ಕಿಲೋಮೀಟರ್. ನಮಗೆ ಮಂಗಳೂರು ಇರುವುದಕ್ಕಿಂತ ಹತ್ತಿರ. ಇರಲೇಬೇಕಾದ ಅಗತ್ಯವಿಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ಸದ್ಯಕ್ಕೆ ದೇಶ ಬಿಡುವುದನ್ನು ಯೋಚಿಸಬಹುದು ಎಂದು ಫೆಬ್ರವರಿ 15ರಂದು ಕೀವ್‌ನ ಭಾರತೀಯ ರಾಯಭಾರ ಕಚೇರಿ ಸೂಚನೆ ಹೊರಡಿಸಿತು. ಹುಡುಗನಿಗೆ ಹಾಜರಿ ತಪ್ಪುವ ಹೆದರಿಕೆಯಿತ್ತು. 19ನೇ ತಾರೀಕಿಗೆ ಒಂದು ಟಿಕೇಟು ಸಿಗುತ್ತಿತ್ತು, ಬೆಲೆ 62,000 ರೂಪಾಯಿ. ಭಾವ ಅಡಿಕೆ ಮಾರಿದ ಹಣವನ್ನು ಅದಕ್ಕೆಂದೇ ತೆಗೆದಿಟ್ಟಿದ್ದರು. 16ರ ರಾತ್ರಿ ತಂಗಿ ಫೋನು ಮಾಡಿ, “ಅಣ್ಣಾ, ನೀನು ಬರಲಿ ಎಂದರೆ ಈಗಲೇ ಟಿಕೇಟು ಮಾಡಿಸುತ್ತೇನೆ, ಬೇಡ ಎಂದರೆ ಇಲ್ಲ, ನಮಗೆ ಇದೆಲ್ಲ ಗೊತ್ತಾಗುವುದಿಲ್ಲ” ಎಂದಳು.

ಅವಳಿಗೆ ನಾನು ಹನ್ನೊಂದು ನಿಮಿಷದ ಧ್ವನಿ ಸಂದೇಶ ಕಳಿಸಿದೆ. ಅದು ಈಗಲೂ ನನ್ನ ಫೋನಿನಲ್ಲಿದೆ. ಅದರಲ್ಲಿ ನಾನು ಹೇಳಿದ್ದರಲ್ಲಿ ಒಂದು ಸಂಗತಿಯೂ ಸುಳ್ಳಲ್ಲ ಎಂಬುದನ್ನು ನೀವು ಗಮನಿಸಬೇಕು. ಹಿಂದಿನ ವರ್ಷದ ಏಪ್ರಿಲ್‌ನಲ್ಲಿಯೂ ರಷ್ಯ ಇದೇ ಗಡಿಯಲ್ಲಿ ಲಕ್ಷ ಸೈನಿಕರನ್ನು ತಂದು ನಿಲ್ಲಿಸಿ, ಕೊನೆಗೆ ಹಿಂದಕ್ಕೆ ಕರೆಸಿಕೊಂಡಿತ್ತು. ಫೆಬ್ರವರಿ 16ರಂದೇ ದಾಳಿಯಾಗುತ್ತದೆ ಎಂದು ಪಾಶ್ಚಾತ್ಯ ಪತ್ರಿಕೆಗಳು ಬರೆದಿದ್ದವು; 16 ಬಂದು ಹೋಗಿತ್ತು, ಏನೂ ಆಗಿರಲಿಲ್ಲ. ಕೆಲವು ತುಕಡಿಗಳು ನೆಲೆಗೆ ಮರಳುತ್ತಿವೆ ಎಂದು ರಷ್ಯ ಹೇಳಿತ್ತು, ಕ್ರಿಮಿಯಾದ ಸೇತುವೆಯ ಮೇಲೆ ಟ್ಯಾಂಕುಗಳನ್ನು ಹೊತ್ತ ರೈಲು ಸಾಗುವ ವೀಡಿಯೋವನ್ನೂ ಬಿಟ್ಟಿತ್ತು. ಇನ್ನು ನನ್ನ ಬ್ರಹ್ಮಾಸ್ತ್ರ: ಗಡಿಯಲ್ಲಿರುವವರು ಸುಮಾರು 1,50,000 ಎಂದು ಅಮೆರಿಕದ ಅಧ್ಯಕ್ಷರೇ ಹೇಳಿದ್ದಾರೆ, ನಾಲ್ಕು ಕೋಟಿ ಜನರಿರುವ ದೇಶವನ್ನು ಅಷ್ಟು ಮಂದಿಯಿಂದ ಹಿಡಿದಿಟ್ಟುಕೊಳ್ಳಲು ಸಾಧ್ಯವಿಲ್ಲ, ಮೇಲಾಗಿ ಹಿಮ ಕರಗಿ ನೆಲ ಕೆಸರಾಗುವ ಕಾಲ, ಬುದ್ಧಿಯಿರುವ ಯಾವ ಸೇನಾನಿಯೂ ಈಗ ಹೊರಡುವುದಿಲ್ಲ. ಗಡಿಯ ಬಳಿ ಯುದ್ಧಾಸ್ಪತ್ರೆಗಳು ಎದ್ದಿರುವ ಉಪಗ್ರಹ ಚಿತ್ರಗಳನ್ನು ನಾನು ನೋಡಿದ್ದೆ. ಅಮೆರಿಕ 14ನೇ ತಾರೀಕಿಗೇ ತನ್ನ ರಾಯಭಾರ ಕಚೇರಿಯನ್ನು ಕೀವ್‌ನಿಂದ ಲ್ವಿವ್‌ಗೆ ಸಾಗಿಸಿದ್ದೂ ಗೊತ್ತಿತ್ತು. ಎರಡನ್ನೂ ‘ಒತ್ತಡ ತರುವ ನಾಟಕ’ ಎಂದು ಅರ್ಧ ನಿಮಿಷದಲ್ಲಿ ಮುಗಿಸಿದ್ದೆ. ಕೊನೆಗೆ, “ಹುಡುಗ ಪರೀಕ್ಷೆ ಮುಗಿಸಿಯೇ ಬರಲಿ, ದುಡ್ಡು ದಂಡ ಮಾಡಬೇಡಿ” ಎಂದಿದ್ದೆ.

ನನ್ನ ತಪ್ಪು ಎಲ್ಲಿತ್ತು ಎಂದು ಹುಡುಕಲು ನನಗೆ ವರ್ಷವೇ ಹಿಡಿಯಿತು; ಆದ್ದರಿಂದ ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಸಹಿಸಿಕೊಳ್ಳಿ. ಒಂದೂವರೆ ಲಕ್ಷ ಮಂದಿ ಸಾಲದು ಎಂಬ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಕೀವ್ ಬೀಳಲಿಲ್ಲ, ಅದರ ಉತ್ತರಕ್ಕೆ ಸುಮಾರು 64 ಕಿಲೋಮೀಟರ್ ಉದ್ದಕ್ಕೆ ಸಾಲುಗಟ್ಟಿದ ರಷ್ಯದ ವಾಹನಗಳು ರಸ್ತೆಯಲ್ಲೇ ಸಿಕ್ಕಿಬಿದ್ದವು, ಏಪ್ರಿಲ್ ಮೊದಲ ವಾರದ ಹೊತ್ತಿಗೆ ಆ ಭಾಗದಿಂದ ಸೈನ್ಯ ಹಿಂದೆ ಸರಿಯಿತು. ಸೈನ್ಯದ ಬಗ್ಗೆ ನಾನು ಹೇಳಿದ್ದು ಹೆಚ್ಚುಕಡಿಮೆ ನಿಜವಾಯಿತು. ನಾನು ಜಾರಿದ್ದು ‘ಗೆಲ್ಲಲಾಗದು’ ಎಂಬಲ್ಲಿಂದ ‘ಹಾಗಾಗಿ ಶುರುಮಾಡುವುದಿಲ್ಲ’ ಎಂಬಲ್ಲಿಗೆ ಕಾಲಿಟ್ಟಾಗ. ನಕ್ಷೆಯ ಮುಂದೆ ಕುಳಿತ ನನಗೆ ಕಂಡದ್ದು ಯುದ್ಧ ಹೂಡುವವನಿಗೂ ಕಂಡಿರುತ್ತದೆ, ಕಂಡರೆ ಅವನು ನನ್ನಂತೆಯೇ ತೀರ್ಮಾನಿಸುತ್ತಾನೆ ಎಂದು ನಂಬಿದ್ದೆ. ನಾಚಿಕೆಯ ವಿಷಯವೆಂದರೆ, ನಮ್ಮ ಊರಿನ ತಾಳಮದ್ದಳೆ ಕೂಟಗಳಲ್ಲಿ ನಾನು ಇಪ್ಪತ್ತು ವರ್ಷ ಸಂಧಾನದ ಕೃಷ್ಣನಿಗೆ ಅರ್ಥ ಹೇಳಿದವನು. ಕೌರವನು ಸೋಲುತ್ತಾನೆ ಎಂಬುದಕ್ಕೆ ಕೃಷ್ಣ ಕೊಡುವ ಒಂದೊಂದು ಕಾರಣವೂ ಸರಿಯೇ. ಸಭೆಯಲ್ಲಿ ಅದಕ್ಕೆ ಉತ್ತರ ಹೇಳಬಲ್ಲವರೇ ಇಲ್ಲ. ಆದರೂ ಸೂಜಿಮೊನೆಯಷ್ಟು ನೆಲವೂ ಸಿಗುವುದಿಲ್ಲ. ಅದನ್ನು ನೂರು ರಾತ್ರಿ ಮಾತಾಡಿ ತೋರಿಸಿದ್ದ ನನಗೆ ಒಂದು ರಾತ್ರಿಯೂ ಅದು ತಲೆಗೆ ಹೋಗಿರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಯುದ್ಧ ಆಗುತ್ತದೆಯೋ ಇಲ್ಲವೋ ಎಂಬುದನ್ನು ತಂಗಿ ನನ್ನಲ್ಲಿ ಕೇಳಿಯೇ ಇರಲಿಲ್ಲ. ಟಿಕೇಟು ಮಾಡಿಸಬೇಕೋ ಬೇಡವೋ ಎಂದು ಕೇಳಿದ್ದಳು. ಯುದ್ಧವಾಗದಿದ್ದರೆ ನಷ್ಟ 62,000 ರೂಪಾಯಿ ಮತ್ತು ಎರಡು ವಾರದ ಹಾಜರಿ. ಯುದ್ಧವಾದರೆ ನಷ್ಟವಾಗಬಹುದಾದದ್ದನ್ನು ತಕ್ಕಡಿಗೆ ಹಾಕುವಂತೆಯೇ ಇಲ್ಲ. ಯುದ್ಧದ ಸಾಧ್ಯತೆ ಹತ್ತಕ್ಕೆ ಒಂದೇ ಎಂದಿಟ್ಟುಕೊಂಡರೂ ಉತ್ತರ ಬದಲಾಗುವುದಿಲ್ಲ. ಮಾವಿನ ಮಿಡಿ ಕೊಳ್ಳುವಾಗ ಇದಕ್ಕಿಂತ ಎಚ್ಚರದಿಂದ ಲೆಕ್ಕ ಹಾಕುವ ನನ್ನ ತಂಗಿಗೆ ಈ ಲೆಕ್ಕ ಹೊಳೆಯುತ್ತಿರಲಿಲ್ಲವೆಂದಲ್ಲ. ನಾನು ಹನ್ನೊಂದು ನಿಮಿಷ ಮಾತಾಡಿ ಅದನ್ನು ಮುಚ್ಚಿಬಿಟ್ಟೆ.

24ರ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ರಷ್ಯದ ಅಧ್ಯಕ್ಷರ ಭಾಷಣದ ಸುದ್ದಿ ಬಂತು. ಉಕ್ರೇನಿನ ವಾಯುಮಾರ್ಗ ಮುಚ್ಚಿತು. ಆ ದಿನ ಕೀವ್‌ಗೆಂದು ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧದಾರಿಯಿಂದ ಹಿಂತಿರುಗಿತು. ಹುಡುಗ ಗೆಳೆಯರೊಂದಿಗೆ ಮೆಟ್ರೋ ನಿಲ್ದಾಣದ ನೆಲದಲ್ಲಿ ಆರು ರಾತ್ರಿ ಕಳೆದ. ನಾನು ತಂಗಿಯ ಮನೆಯಲ್ಲಿಯೇ ಉಳಿದೆ, ಏಕೆಂದರೆ ಬೇರೆಲ್ಲಿ ಇರಬೇಕೆಂದು ಗೊತ್ತಾಗಲಿಲ್ಲ. ಮಾರ್ಚ್ 1ರ ಮಧ್ಯಾಹ್ನ, ಖಾರ್ಕಿವ್‌ನ ಶೆಲ್ ದಾಳಿಯಲ್ಲಿ ಭಾರತೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ ಎಂಬ ಸುದ್ದಿ ಟಿ.ವಿ.ಯಲ್ಲಿ ಬಂತು. ಹೆಸರು ಬರಲಿಲ್ಲ. ಹುಡುಗನ ಫೋನು ತಾಗಲಿಲ್ಲ. ತಂಗಿ ಅಂಗಳಕ್ಕೆ ಇಳಿದು, ಒಣಗಲು ಹಾಕಿದ್ದ ಅಡಿಕೆಯನ್ನು ಕಾಲಿನಿಂದ ಹರಡುತ್ತಾ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆದಳು. ಆ ಹೊತ್ತಿನಲ್ಲಿ ಅಡಿಕೆ ಹರಡುವ ಕೆಲಸವೇನೂ ಇರಲಿಲ್ಲ. ಹೆಸರು ಗೊತ್ತಾದಾಗ ಅದು ಕರ್ನಾಟಕದ ಬೇರೊಂದು ಮನೆಯ ಮಗನದಾಗಿತ್ತು. ನಮಗೆ ಸಮಾಧಾನವಾಯಿತು, ಸಮಾಧಾನವಾದುದಕ್ಕೆ ಮುಖ ಎತ್ತಲಾಗಲಿಲ್ಲ. ಅಷ್ಟು ಹೊತ್ತೂ ಅವಳು ಒಮ್ಮೆಯೂ ನನ್ನತ್ತ ನೋಡಿರಲಿಲ್ಲ.

ಮರುದಿನ, ಖಾರ್ಕಿವ್‌ನಲ್ಲಿರುವ ಭಾರತೀಯರೆಲ್ಲ ಸಂಜೆ ಆರರೊಳಗೆ ನಗರ ಬಿಡಬೇಕು, ವಾಹನ ಸಿಗದಿದ್ದರೆ ನಡೆದಾದರೂ ಹೊರಡಬೇಕು ಎಂದು ರಾಯಭಾರ ಕಚೇರಿ ತಿಳಿಸಿತು. ಅವನು ಪಿಸೋಚಿನ್ ಎಂಬಲ್ಲಿಗೆ 11 ಕಿಲೋಮೀಟರ್ ನಡೆದ. ಅಲ್ಲಿಂದ ಬಸ್ಸು, ಆಮೇಲೆ ಗಡಿ, ಆಮೇಲೆ ಭಾರತೀಯರನ್ನು ಕರೆತರಲು ಸರ್ಕಾರ ನಡೆಸಿದ ಆಪರೇಷನ್ ಗಂಗಾದ ವಿಮಾನ. ಮಂಗಳೂರಿನಲ್ಲಿ ಇಳಿದು ನನ್ನ ಕಾಲಿಗೂ ಬಿದ್ದ. ನನ್ನಿಂದ ಅದು ಸಹಿಸಲಾಗಲಿಲ್ಲ. ಬಂದ ವಾರ ಭಾವ ಒಣಗಿದ ಅಡಿಕೆಯನ್ನು ಗೋಣಿಯಿಂದ ಚಾವಡಿಯ ನೆಲಕ್ಕೆ ಸುರಿದಾಗ, ಆ ದಡದಡ ಸದ್ದಿಗೆ ಹುಡುಗ ಕೈಯಲ್ಲಿದ್ದ ಲೋಟ ಬಿಟ್ಟು ಗೋಡೆಯ ಬುಡಕ್ಕೆ ಕುಕ್ಕರಿಸಿ ಕುಳಿತುಬಿಟ್ಟ. ಅವನ ಓದು ಮುಂದೆ ಜಾರ್ಜಿಯಾದಲ್ಲಿ ಮುಗಿಯಿತು, ಸಾಲವೂ ಬೆಳೆಯಿತು. ತಂಗಿ ನನ್ನೊಂದಿಗೆ ಎಂದೂ ಜಗಳವಾಡಲಿಲ್ಲ. ಅಂದಿನಿಂದ ನನ್ನನ್ನು ಏನನ್ನೂ ಕೇಳಿಯೂ ಇಲ್ಲ, ಮಗಳ ಮದುವೆಯ ಮುಹೂರ್ತವನ್ನೂ ಕೂಡ.

ಆ ಮಳೆಗಾಲದಲ್ಲಿ ಅಟ್ಟ ಗುಡಿಸುವಾಗ 1990-91ರ ನನ್ನ ಡೈರಿ ಸಿಕ್ಕಿತು. ಜನವರಿಯ ಪುಟವೊಂದರಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೆ: ‘ಎದುರಿಗೆ ಇಷ್ಟು ದೇಶಗಳ ಸೈನ್ಯ ನಿಂತಿರುವಾಗ ಸದ್ದಾಂ 15ರ ಗಡುವಿನ ಮೊದಲು ಖಂಡಿತ ಹಿಂದೆ ಸರಿಯುತ್ತಾನೆ, ಯುದ್ಧವಾಗುವುದಿಲ್ಲ.’ ಬಾಂಬುಗಳು ಬೀಳತೊಡಗಿದ್ದು 17ಕ್ಕೆ. ಅದೇ ತರ್ಕ, ಅದೇ ತಪ್ಪು, ಅದೇ ಧಿಮಾಕು! ಆ ಊಹೆಯನ್ನು ಊರು ಮರೆತಿತ್ತು, ನಾನೂ ಮರೆತಿದ್ದೆ. ನೂರು ಗಂಟೆಯ ಮಾತು ಮಾತ್ರ ಉಳಿದಿತ್ತು.

ಈಗ ನಿಮ್ಮ ಹತ್ತಕ್ಕೆ ಏಳರ ಬಗ್ಗೆ ಹೇಳುತ್ತೇನೆ. ಆ ಏಳರಲ್ಲಿ ಎಷ್ಟು ಊಹೆಗಳು ‘ಸದ್ಯಕ್ಕೆ ಹೀಗೆಯೇ ಮುಂದುವರಿಯುತ್ತದೆ’ ಎಂಬ ಜಾತಿಯವು ಎಂದು ದಯವಿಟ್ಟು ಎಣಿಸಿ ನೋಡಿ. ಯುದ್ಧದ ಹೆಚ್ಚಿನ ದಿನಗಳು ಹಿಂದಿನ ದಿನದಂತೆಯೇ ಇರುವುದರಿಂದ ಹಾಗೆ ಹೇಳಿದವರೆಲ್ಲ ಗೆಲ್ಲುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಎಲ್ಲರೂ ಖೆರ್ಸನ್ ಕಡೆ ಕಣ್ಣಿಟ್ಟಿದ್ದಾಗ ಉಕ್ರೇನಿನ ಸೈನ್ಯ ಖಾರ್ಕಿವ್ ಪ್ರಾಂತ್ಯದಲ್ಲಿ ನುಗ್ಗಿ ಒಂದೇ ವಾರದೊಳಗೆ ಇಝಿಯುಮ್ ಪಟ್ಟಣ ತಲುಪಿತು. 2023ರ ಜೂನ್‌ನಲ್ಲಿ ರಷ್ಯದ ಪರವಾಗಿ ಹೋರಾಡುತ್ತಿದ್ದ ವಾಗ್ನರ್ ಎಂಬ ಖಾಸಗಿ ಪಡೆ ರಷ್ಯದ ವಿರುದ್ಧವೇ ತಿರುಗಿ ಮಾಸ್ಕೋ ದಾರಿ ಹಿಡಿದು, ಒಂದೇ ದಿನದಲ್ಲಿ ಮರಳಿತು. 2024ರ ಆಗಸ್ಟ್ 6ರಂದು ಉಕ್ರೇನ್ ಗಡಿ ದಾಟಿ ರಷ್ಯದ ಕುರ್ಸ್ಕ್‌ಗೆ ನುಗ್ಗಿತು. ಜನರ ಬದುಕು ತಿರುಗಿದ್ದು ಇಂಥ ದಿನಗಳಲ್ಲಿ. ನಕ್ಷೆ ನೋಡುವವರ ಏಳರ ಪಟ್ಟಿಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ, ಮೂರರ ಪಟ್ಟಿಯಲ್ಲಿರುತ್ತವೆ. ಹಾಗಾಗಿ ನೀವು ಕೇಳುವ ಪಳಗುವಿಕೆ ಎಂಬುದೇ ಇದೆಯೆಂದು ನಾನು ಒಪ್ಪುವುದಿಲ್ಲ. ಒಳ್ಳೆಯ ಮೂಲ, ಕೆಟ್ಟ ಮೂಲ ಎಂಬುದಿದೆ, ಆದರೆ ನನ್ನ ಮೂಲಗಳೆಲ್ಲ ಒಳ್ಳೆಯವೇ ಆಗಿದ್ದವು.

ಯುದ್ಧದ ಸುದ್ದಿ ಓದುವುದನ್ನು ಬಿಡಿ ಎಂದು ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ರಷ್ಯ, ಬೆಲಾರೂಸಿನಿಂದ ಪೊಟಾಷ್ ಬರುವುದು ತಡೆದರೆ ನನ್ನ ತೋಟದ ಗೊಬ್ಬರಕ್ಕೆ ಏನಾಗುತ್ತದೆ ಎಂದು ತಿಳಿಯಬೇಕಾದವನು ನಾನು. ಊಹಿಸುವುದಾದರೆ ತಾರೀಕು ಹಾಕಿ, ಕಾರಣ ಬರೆದು, ಪುಸ್ತಕದೊಳಗೇ ಇಡಿ. ಬೇರೆಯವರು ಕೇಳಿದರೆ, ಹಣ ಸುರಿದು ಯಾರು ಏನು ಮಾಡುತ್ತಿದ್ದಾರೆ ಎಂಬುದನ್ನು ಮಾತ್ರ ಹೇಳಿ: ಆಸ್ಪತ್ರೆ ಕಟ್ಟುವುದು, ಕಚೇರಿ ಸಾಗಿಸುವುದು ಇಂಥವು. ನಿಮ್ಮ ತೀರ್ಮಾನ ಹೇಳಬೇಡಿ. ಇದು ನಿಮಗೆ ಕಟುವಾಗಿ ಕೇಳಿಸಬಹುದು, ಆದರೆ ಪ್ರಶ್ನೆಯಲ್ಲಿರುವ ಹುಮ್ಮಸ್ಸು ನನಗೆ ಚೆನ್ನಾಗಿ ಪರಿಚಯವಿರುವುದರಿಂದ ಮೆತ್ತಗೆ ಹೇಳಲು ಮನಸ್ಸಿಲ್ಲ.

2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಆರಂಭಿಸಿದಾಗ ನೆರೆಮನೆಯವರು ಬಂದು, ಕತಾರಿನ ದೋಹಾದಲ್ಲಿರುವ ಮಗ ಬರಬೇಕೋ ಬೇಡವೋ ಎಂದು ಕೇಳಿದರು. “ಮುಂದೇನಾಗುತ್ತದೋ ನನಗೆ ಗೊತ್ತಿಲ್ಲ ಅಕ್ಕ, ಟಿಕೇಟಿಗೆ ಎಷ್ಟಾಗುತ್ತದೆ, ರಜೆ ಸಿಗುತ್ತದೆಯೇ, ಅದನ್ನು ಕೇಳಿ. ಆ ದುಡ್ಡು ಹೋದರೂ ಚಿಂತೆಯಿಲ್ಲ ಎನ್ನುವಂತಿದ್ದರೆ ಕರೆಸಿಕೊಳ್ಳಿ” ಎಂದೆ. ಅವನು 18ಕ್ಕೆ ಬಂದ. 23ರ ರಾತ್ರಿ ಇರಾನ್ ಕತಾರಿನ ಅಮೆರಿಕನ್ ವಾಯುನೆಲೆಯ ಮೇಲೆ ಕ್ಷಿಪಣಿ ಹಾರಿಸಿತು, ವಾಯುಮಾರ್ಗ ಕೆಲವು ಗಂಟೆ ಮುಚ್ಚಿತು, ಮರುದಿನವೇ ಕದನವಿರಾಮವಾಯಿತು. ಹುಡುಗನ ಕಂಪೆನಿಯವರಿಗೆ ಏನೂ ಆಗಲಿಲ್ಲ. ಅವನು ಬರದಿದ್ದರೂ ನಡೆಯುತ್ತಿತ್ತು. ಹೋಗಿಬರುವ ಖರ್ಚೂ ಕಡಿತವಾದ ಸಂಬಳವೂ ಸೇರಿ 38,000 ರೂಪಾಯಿ ಹೋಯಿತೆಂದು ಆ ಅಕ್ಕ ಹಾಲಿನ ಸೊಸೈಟಿಯಲ್ಲಿ ಈಗಲೂ ನನ್ನ ಮುಂದೆಯೇ ಹೇಳುತ್ತಾರೆ, “ಮಾಷ್ಟ್ರ ಮಾತು ಕೇಳಿದ್ದಕ್ಕೆ” ಎಂದು. ನಾನು ಕ್ಯಾನು ತೊಳೆದುಕೊಂಡು ಸುಮ್ಮನೆ ಮನೆಗೆ ಬರುತ್ತೇನೆ.