ಬ್ರಾಡ್‌ಬ್ಯಾಂಡ್ ಸ್ಪೀಡ್ ಬರ್ತಿಲ್ಲ, ಪ್ಯಾಕೆಟ್ ಲಾಸ್ (ಕಳಿಸಿದ ಡೇಟಾ ದಾರಿಯಲ್ಲೇ ಕಳೆದುಹೋಗೋದು) ಬೇರೆ. ಎಲ್ಲಿಂದ ನೋಡಲಿ?
ಸುಮ್ನೆ ರೂಟರ್ ಆಫ್ ಆನ್ ಮಾಡುತ್ತಾ ಕೂರಬೇಡಿ. ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕಿ, ಮೊದಲು ರೂಟರ್‌ಗೆ, ಆಮೇಲೆ ಗೂಗಲ್ ಸರ್ವರ್ 8.8.8.8ಗೆ ನೂರು ನೂರು ಪಿಂಗ್ (ಉತ್ತರ ಬರುತ್ತಾ ಅಂತ ನೋಡುವ ಪುಟ್ಟ ಸಂದೇಶ) ಕಳಿಸಿ. ರೂಟರ್‌ವರೆಗೇ ಲಾಸ್ ಇದ್ದರೆ ತೊಂದರೆ ಮನೆಯೊಳಗೆ. ಕೇಬಲ್‌ನಲ್ಲಿ ಎಲ್ಲ ಸರಿಯಿದ್ದು ವೈಫೈನಲ್ಲಿ ಮಾತ್ರ ಕೈಕೊಟ್ಟರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ, ಅಪಾರ್ಟ್‌ಮೆಂಟಿನಲ್ಲಿ 2.4 ಗಿಗಾಹರ್ಟ್ಸ್ ಅಕ್ಕಪಕ್ಕದವರ ವೈಫೈಗಳಿಂದ ತುಂಬಿ ತುಳುಕುತ್ತಿರುತ್ತೆ.

ರೂಟರ್ ದಾಟಿದ ಮೇಲೆ ಲಾಸ್ ಅಂದ್ರೆ ಮನೆಗೆ ಬರುವ ಫೈಬರ್ ವೈರ್ ನೋಡಿ. ಜಯನಗರದ ನಮ್ಮ ಮನೆಯಲ್ಲಿ ಬಾಲ್ಕನಿ ಬಾಗಿಲಿನ ಸಂದಿಗೆ ಸಿಕ್ಕಿ ಆ ತೆಳ್ಳನೆ ವೈರ್ ಮಡಚಿಕೊಂಡಿತ್ತು, ರೂಟರ್ ಪುಟದಲ್ಲಿ ಆಪ್ಟಿಕಲ್ ಪವರ್ (ಫೈಬರ್ ಒಳಗೆ ಬರುವ ಬೆಳಕಿನ ಬಲ, ಮೈನಸ್ ಅಂಕಿ ಹೆಚ್ಚಾದಷ್ಟೂ ದುರ್ಬಲ) ಮೈನಸ್ 28 ಡಿಬಿಎಂ ತೋರಿಸುತ್ತಿತ್ತು, ಬಿಡಿಸಿ ಸಡಿಲವಾಗಿ ಸುತ್ತಿದ ಮೇಲೆ ಮೈನಸ್ 21ಕ್ಕೆ ಬಂತು, ಲಾಸ್ ನಿಂತೇಹೋಯ್ತು. ಪವರ್ ಚೆನ್ನಾಗಿದ್ದೂ ರಾತ್ರಿ ಮಾತ್ರ ನಿಧಾನವಾದರೆ ಕಂಪನಿ ಕಡೆ ಜಾಸ್ತಿ ಲೋಡ್ ಇರಬಹುದು, ಪಿಂಗ್ ಸ್ಕ್ರೀನ್‌ಶಾಟ್ ಹಾಕಿ ದೂರು ಕೊಡಿ.