ವರದಿಯನ್ನು ಪರೀಕ್ಷಿಸುವವರು ಯಾರು? ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಶರಾವತಿ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿಟ್ಟು ವಿದ್ಯುತ್ ಕೂಡಿಡುವ) ಯೋಜನೆಯ ಬಗ್ಗೆ ನಾವು ಪ್ರಕಟಿಸಿದ ಲೇಖನವನ್ನು ಆಕ್ಷೇಪಿಸಿ ತಾವು ಬರೆದ ಪತ್ರ ತಲುಪಿದೆ. ಜಲವಿದ್ಯುತ್ ಕಾಮಗಾರಿಗಳಲ್ಲಿ ಬಹುಕಾಲ ದುಡಿದು ನಿವೃತ್ತರಾದ ಎಂಜಿನಿಯರೊಬ್ಬರು ಬೇಸರವನ್ನು ಬಚ್ಚಿಡದೆ ಬರೆದ ಪತ್ರ ಅದು. ಹಾಗಾಗಿ ಎರಡು ಸಾಲಿನ ಉತ್ತರ ಕೊಟ್ಟು ಮುಗಿಸಲು ಮನಸ್ಸು ಒಪ್ಪಲಿಲ್ಲ. ತಮ್ಮ ಆಕ್ಷೇಪಗಳು ಮೂರು. ಮಾನ್ಯತೆ ಪಡೆದ ತಜ್ಞರು ತಯಾರಿಸಿದ ನೂರಾರು ಪುಟಗಳ ಪರಿಸರ ಪರಿಣಾಮ ವರದಿಯನ್ನು ಅಡಿಕೆ ಬೆಳೆಗಾರರು, ಮೀನುಗಾರರು ಪರೀಕ್ಷಿಸುವುದು ಹೇಗೆ, ಅನುಮತಿಗೆ ಮೊದಲು ಜನರ ಮಾತು ಕೇಳಲು ನಡೆಸುವ ಅಹವಾಲು ಸಭೆ ಎಂಬುದು ಘೋಷಣೆ ಕೂಗುವ ಜಾಗವಾಗಿದೆಯಲ್ಲವೇ ಎಂಬುದು ಮೊದಲನೆಯದು. ಲಿಂಗನಮಕ್ಕಿ ಕಟ್ಟುವಾಗ ಇಂಥ ವರದಿಯೂ ಇರಲಿಲ್ಲ, ಸಭೆಯೂ ಇರಲಿಲ್ಲ, ಆದರೂ ನಾಡಿಗೆ ಬೆಳಕು ಬಂತು ಎಂಬುದು ಎರಡನೆಯದು. ಸೌರವಿದ್ಯುತ್ ಬೇಕೆನ್ನುವವರೇ ಅದನ್ನು ಕೂಡಿಡುವ ಯೋಜನೆಯನ್ನು ವಿರೋಧಿಸುವುದು ಸರಿಯೇ ಎಂಬುದು ಮೂರನೆಯದು.

ಮೂರನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ನಮ್ಮಿಬ್ಬರ ನಡುವೆ ಅಂತರ ಕಡಿಮೆ. ಹಗಲಿನಲ್ಲಿ ಹೆಚ್ಚಾದ ಸೌರವಿದ್ಯುತ್ ಬಳಸಿ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಬೇಡಿಕೆ ಏರಿದಾಗ ಕೆಳಕ್ಕೆ ಹರಿಸಿ ವಿದ್ಯುತ್ ಪಡೆಯುವ ವ್ಯವಸ್ಥೆ ನಾಡಿಗೆ ಬೇಕು. ಎತ್ತಲು ಖರ್ಚಾಗುವ ವಿದ್ಯುತ್ ಮರಳಿ ಸಿಗುವುದಕ್ಕಿಂತ ಹೆಚ್ಚು ಎಂಬ ಕಾರಣಕ್ಕೆ ಮಾತ್ರ ಅದನ್ನು ತಳ್ಳಿಹಾಕಲಾಗದು. ಕೂಡಿಡುವ ಯಾವ ವಿಧಾನದಲ್ಲೂ ಒಂದಿಷ್ಟು ನಷ್ಟ ಇದ್ದೇ ಇರುತ್ತದೆ. ಪ್ರಶ್ನೆ ಇರುವುದು ಜಾಗದ ಬಗ್ಗೆ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ, ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಭೂಗತ ವಿದ್ಯುದಾಗಾರ ಮತ್ತು ಸುರಂಗಗಳು. ಇಷ್ಟೂ ಬರುವುದು 2019ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಆಸುಪಾಸಿನಲ್ಲಿ. ಆಂಧ್ರದ ಪಿನ್ನಾಪುರಂನಲ್ಲಿ ನದಿಯ ಹರಿವಿನಿಂದ ಹೊರಗೆ ಎರಡು ಜಲಾಶಯ ಕಟ್ಟಿ 1,680 ಮೆಗಾವಾಟ್‌ನ ಇದೇ ಬಗೆಯ ಯೋಜನೆಯನ್ನು ರೂಪಿಸಿದ್ದಾರೆ. ಹೀಗಿರುವಾಗ ಶರಾವತಿಯೇ ಏಕೆ ಎಂಬ ಪ್ರಶ್ನೆಗೆ ಉತ್ತರ ಕೊಡಲೆಂದೇ ಪರಿಣಾಮ ವರದಿಯಲ್ಲಿ ಪರ್ಯಾಯಗಳ ವಿಶ್ಲೇಷಣೆಗೆ ಒಂದು ಪ್ರತ್ಯೇಕ ಅಧ್ಯಾಯ ಇರಬೇಕೆಂದು ನಿಯಮವೇ ಹೇಳುತ್ತದೆ. ನಾನು ಓದಿರುವ ಬಹುತೇಕ ವರದಿಗಳಲ್ಲಿ ಅತ್ಯಂತ ತೆಳುವಾದ ಅಧ್ಯಾಯ ಅದೇ. ಜಾಗ ಮೊದಲೇ ನಿರ್ಧಾರವಾಗಿರುತ್ತದೆ. ಆಮೇಲೆ ಅದಕ್ಕೆ ಹೊಂದುವ ಕಾರಣಗಳನ್ನು ಬರೆಯಲಾಗಿರುತ್ತದೆ.

ಇನ್ನು ಲಿಂಗನಮಕ್ಕಿಯ ಮಾತು. 1964ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟು ಮತ್ತು ಅದರ ನೀರಿನಿಂದ ನಡೆಯುವ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ಈ ರಾಜ್ಯದ ಕೈಗಾರಿಕೆಗಳನ್ನು ಎತ್ತಿ ನಿಲ್ಲಿಸಿದವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೌಲ್ಯಮಾಪನ ನಡೆಯದಿದ್ದ ಮಾತ್ರಕ್ಕೆ ಪರಿಣಾಮ ತಪ್ಪಲಿಲ್ಲ. ಅದು ಲೆಕ್ಕಕ್ಕೆ ಸಿಗದೆ ಕೆಲವರ ತಲೆಯ ಮೇಲೆ ಬಿತ್ತು, ಅಷ್ಟೇ. ಮುಳುಗಡೆಯಾದ ಊರುಗಳಿಂದ ಎದ್ದು ಬಂದು ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ನೆಲೆ ನಿಂತ ಎಷ್ಟೋ ಕುಟುಂಬಗಳಿಗೆ ಅರವತ್ತು ವರ್ಷಗಳ ಮೇಲೂ ಹಕ್ಕುಪತ್ರ ಸಿಕ್ಕಿಲ್ಲ. ಅವರಿಗಾಗಿ ಅರಣ್ಯಭೂಮಿಯನ್ನು ಡಿನೋಟಿಫೈ ಮಾಡಿದ ಸರ್ಕಾರದ ಆದೇಶಗಳು ಹೈಕೋರ್ಟಿನಲ್ಲಿ ರದ್ದಾದವು. ಹಿನ್ನೀರಿನ ಆಚೆ ದಡದಲ್ಲಿ ಉಳಿದ ಕರೂರು, ಭಾರಂಗಿ ಹೋಬಳಿಗಳ ಜನ ಸಾಗರಕ್ಕೆ ಬರಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚ್‌ಗೆ ಕಾಯಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚ್‌ನಲ್ಲಿ ವಾಹನ ಸಾಗಿಸುವುದು ನಿಲ್ಲುತ್ತಿತ್ತು. ರಾತ್ರಿ ಹೊತ್ತು ಹೆರಿಗೆ ನೋವು ಬಂದವರ ಪಾಡು ಆ ಭಾಗದ ಪ್ರತಿ ಮನೆಗೂ ಗೊತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. 1964ಕ್ಕೂ ಮೊದಲೇ ಯಾರಾದರೂ ಆ ದಡದಲ್ಲಿ ನಿಂತು, ನೀರು ತುಂಬಿದ ಮೇಲೆ ಈ ಊರುಗಳು ತಾಲ್ಲೂಕು ಕೇಂದ್ರಕ್ಕೆ ಹೋಗುವುದು ಹೇಗೆ ಎಂದು ಕೇಳಿ, ಉತ್ತರವನ್ನು ಕಡ್ಡಾಯವಾಗಿ ಬರೆದಿಡಬೇಕಾಗಿದ್ದಿದ್ದರೆ, ಸೇತುವೆಯ ಖರ್ಚು ಅಣೆಕಟ್ಟಿನ ಅಂದಾಜುಪಟ್ಟಿಯಲ್ಲೇ ಸೇರುತ್ತಿತ್ತು. ಅಣೆಕಟ್ಟು ನಿಲ್ಲುತ್ತಿರಲಿಲ್ಲ, ಅದರ ನಿಜವಾದ ಬೆಲೆ ಕಟ್ಟುವ ಮೊದಲೇ ಗೊತ್ತಾಗುತ್ತಿತ್ತು.

ಅದೇ ನದಿಯ ಇನ್ನೊಂದು ತುದಿಯನ್ನೂ ನೋಡಿ. ಹೊನ್ನಾವರದ ಅಳಿವೆಯಲ್ಲಿ ಸಿಹಿನೀರು ಮತ್ತು ಉಪ್ಪುನೀರಿನ ಸಮತೋಲವನ್ನು ಮಳೆಗಾಲವೂ ಬೇಸಿಗೆಯೂ ನಿರ್ಧರಿಸುತ್ತಿದ್ದವು. ವಿದ್ಯುದಾಗಾರದಿಂದ ವರ್ಷವಿಡೀ ಸಿಹಿನೀರು ಇಳಿಯತೊಡಗಿದ ಮೇಲೆ ಅಳಿವೆಯ ಉಪ್ಪಿನಂಶ ತಗ್ಗಿತು. ಜನ ತಿನ್ನುವ ಚಿಪ್ಪುಜೀವಿಗಳು ಅಲ್ಲಿ ಹೆಚ್ಚುಕಡಿಮೆ ಇಲ್ಲವಾದವು. ಪಕ್ಕದಲ್ಲೇ ಇರುವ, ಅಣೆಕಟ್ಟು ಕಾಣದ ಅಘನಾಶಿನಿಯ ಅಳಿವೆಯಲ್ಲಿ ಇಂದಿಗೂ ಸಾವಿರಾರು ಜನ ಇಳಿತದ ಹೊತ್ತಿನಲ್ಲಿ ಸೊಂಟದ ನೀರಿನಲ್ಲಿ ನಿಂತು ಬಳಚು ಆರಿಸಿ ಬದುಕುತ್ತಾರೆ. ಒಂದೇ ಜಿಲ್ಲೆಯ ಈ ಎರಡು ಅಳಿವೆಗಳನ್ನು ಹೋಲಿಸಿ ನೋಡಿದ ಮೇಲೆ, ಅಣೆಕಟ್ಟಿನ ಪರಿಣಾಮ ಮುಳುಗಡೆಯ ಗೆರೆಗೆ ಮುಗಿಯುತ್ತದೆ ಎನ್ನಲು ಬರುವುದಿಲ್ಲ. ಹೊಸ ಯೋಜನೆಯಿಂದ ಕೆಳಗಿನ ಹರಿವು ಏನಾದೀತು, ಉಪ್ಪುನೀರು ಎಲ್ಲಿಯವರೆಗೆ ಏರೀತು ಎಂದು ಹೊನ್ನಾವರದವರು ಕೇಳುತ್ತಿರುವುದು ಈ ಅನುಭವದಿಂದಲೇ.

ಹೀಗೆ ಹೇಳುತ್ತಲೇ ತಮ್ಮ ಮೊದಲ ಆಕ್ಷೇಪಕ್ಕೆ ಬಂದಂತಾಯಿತು. ತಜ್ಞರ ವರದಿಯನ್ನು ಊರಿನವರು ಪರೀಕ್ಷಿಸಬಲ್ಲರೇ? ವರದಿಯ ಎಲ್ಲ ಭಾಗಗಳನ್ನೂ ಪರೀಕ್ಷಿಸಲಾರರು. ಟರ್ಬೈನಿನ ವಿನ್ಯಾಸವನ್ನೋ ಸುರಂಗದ ಒತ್ತಡದ ಲೆಕ್ಕವನ್ನೋ ತಾವು ನೋಡಬೇಕು. ಆದರೆ ಇಡೀ ವರದಿ ನಿಲ್ಲುವುದು ಒಂದು ಅಧ್ಯಾಯದ ಮೇಲೆ: ಯೋಜನೆ ಬರುವ ಮೊದಲು ಆ ಜಾಗ ಹೇಗಿತ್ತು ಎಂಬ ಮೂಲ ಸ್ಥಿತಿಯ ದಾಖಲೆ. ಎಷ್ಟು ಮರ, ಎಷ್ಟು ಒರತೆ, ಯಾವ ತಿಂಗಳು ಹಳ್ಳ ಬತ್ತುತ್ತದೆ, ಯಾವ ದಾರಿಯಲ್ಲಿ ಪ್ರಾಣಿ ದಾಟುತ್ತದೆ ಎಂಬುದು ಅಲ್ಲಿ ತಪ್ಪಾದರೆ ಮುಂದಿನ ಲೆಕ್ಕವೆಲ್ಲ ಎಷ್ಟೇ ಸೊಗಸಾಗಿದ್ದರೂ ತಪ್ಪು. ಆ ಒಂದು ಅಧ್ಯಾಯವನ್ನು ಒರೆಗೆ ಹಚ್ಚಬಲ್ಲ ತಜ್ಞರು ಅಲ್ಲೇ ಹುಟ್ಟಿ ಬೆಳೆದವರು. ನನ್ನ ವಾದವೆಲ್ಲ ಇಷ್ಟೇ.

ಇದು ಭಾವುಕತೆಯ ಮಾತೆಂದು ತಮಗೆ ಅನಿಸಿದರೆ ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯ ಪ್ರಕರಣವನ್ನು ನೆನಪಿಸುತ್ತೇನೆ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಯವರೆಗೆ ಸುಮಾರು 65 ಕಿಲೋಮೀಟರ್ ಉದ್ದದ ಈ ರಸ್ತೆಗೆ 2014ರ ನವೆಂಬರಿನಲ್ಲಿ ಪರಿಸರ ಅನುಮತಿ ಸಿಕ್ಕಿತು. ಕಡಿಯಬೇಕಾದ ಮರಗಳು 200ರಿಂದ 500 ಎಂದು ಹೇಳಲಾಗಿತ್ತು. ನಾಗರಿಕರು ಹಸಿರು ನ್ಯಾಯಮಂಡಳಿಗೆ ಹೋದರು, ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಬೆಳೆಯಿತು, ಆಗ ಮರಗಳ ಸಂಖ್ಯೆ 16,000ಕ್ಕೂ ಹೆಚ್ಚು ಎಂಬುದು ಹೊರಬಂತು. ಬಳಸಿದ ಮಾಹಿತಿ ಹಳತಾಗಿತ್ತು, ಅರಣ್ಯಭೂಮಿ ಮತ್ತು ಪೆಟ್ರೋಲಿಯಂ ಕೊಳವೆ ಮಾರ್ಗದ ವಿವರ ಸರಿಯಾಗಿ ಬಂದಿರಲಿಲ್ಲ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೊಸದಾಗಿ ಮೌಲ್ಯಮಾಪನ ನಡೆಸಲು ಹೇಳಿತು. ಆಮೇಲೆ ನಡೆದ ಎಣಿಕೆಯಲ್ಲಿ ಮರಗಳ ಸಂಖ್ಯೆ 33,000 ದಾಟಿತು. ಐನೂರು ಎಲ್ಲಿ, ಮೂವತ್ತಮೂರು ಸಾವಿರ ಎಲ್ಲಿ! ಇದು ರಾಜಧಾನಿಯ ಅಂಚಿನಲ್ಲಿ, ಕಾರಿನಲ್ಲಿ ಹೋಗಿ ಎಣಿಸಿ ಬರಬಹುದಾದ ಜಾಗದಲ್ಲಿ ಆದದ್ದು. ಕಾಳಿ ಕಣಿವೆಯಲ್ಲೋ ಶರಾವತಿ ಕಣಿವೆಯಲ್ಲೋ ಎಣಿಕೆ ಸರಿಯಾಗಿಯೇ ಇದ್ದೀತೆಂದು ಯಾವ ಭರವಸೆಯಿಂದ ನಂಬೋಣ?

ಕಾಳಿಯ ಹೆಸರು ಎತ್ತಿದ್ದಕ್ಕೂ ಕಾರಣವಿದೆ. 2000ದ ಸುಮಾರಿಗೆ ದಾಂಡೇಲಿ ಬಳಿ ಉದ್ದೇಶಿಸಿದ್ದ ಕಿರು ಜಲವಿದ್ಯುತ್ ಯೋಜನೆಯ ಪರಿಣಾಮ ವರದಿಯ ಬಹುಭಾಗ ತಟ್ಟಿಹಳ್ಳದ ಇನ್ನೊಂದು ಯೋಜನೆಯ ವರದಿಯಿಂದ ಎತ್ತಿ ಹಾಕಿದ್ದು ಎಂದು ಪರಿಸರ ಕಾರ್ಯಕರ್ತರು ಪುಟಕ್ಕೆ ಪುಟ ಎದುರಿಟ್ಟು ತೋರಿಸಿದರು. ವರದಿಯನ್ನು ಹೊಸದಾಗಿ ಮಾಡಿಸಬೇಕಾಯಿತು. ಅದನ್ನು ಬರೆದವರು ಹೆಸರಾಂತ ಸಲಹಾ ಸಂಸ್ಥೆಯವರೇ. ಅವರಿಗೆ ವಿದ್ಯೆ ಕಡಿಮೆ ಎಂದು ನಾನು ಹೇಳುವುದಿಲ್ಲ. ಆದರೆ ಯೋಜನೆ ಬೇಕಾದವರೇ ಸಲಹಾ ಸಂಸ್ಥೆಯನ್ನು ಆರಿಸಿ, ಅವರೇ ಹಣ ಕೊಡುವ ವ್ಯವಸ್ಥೆ ಇರುವಷ್ಟು ದಿನ, ಹೊರಗಿನ ಕಣ್ಣೊಂದು ಬೇಕೇ ಬೇಕು. ಮಾನ್ಯತೆ ಪತ್ರ ಆ ಕಣ್ಣಿನ ಕೆಲಸ ಮಾಡಲಾರದು.

ಅಂಕಿ ಸರಿಯಿದ್ದಾಗಲೂ ಅದು ಹೇಳದ ಸಂಗತಿಗಳಿರುತ್ತವೆ. ಶರಾವತಿ ಯೋಜನೆಗೆ ಬೇಕಾಗುವ ಅರಣ್ಯ ಸುಮಾರು 54 ಹೆಕ್ಟೇರ್, ಅಷ್ಟು ದೊಡ್ಡ ಅಭಯಾರಣ್ಯದಲ್ಲಿ ಇದೇನು ಮಹಾ ಎಂದು ತಾವು ಬರೆದಿದ್ದೀರಿ. ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೆ, ಕೂಡಿಕೊಂಡ ಕೊಂಬೆಗಳ ಮೇಲೆಯೇ ಅದರ ಸಂಚಾರ, ಆಹಾರ, ಸಂಸಾರ. ಅದರ ಪಾಲಿಗೆ ಹೆಕ್ಟೇರುಗಳ ಲೆಕ್ಕಕ್ಕಿಂತ ಮುಖ್ಯವಾದದ್ದು ಕಾಡಿನ ಚಾವಣಿ ಎಲ್ಲಿ ತುಂಡಾಗುತ್ತದೆ ಎಂಬುದು. ಸುರಂಗದ ಬಾಯಿಗೆ ಹೋಗುವ ರಸ್ತೆಯನ್ನು ಅಗಲ ಮಾಡಲು ಹತ್ತು ಮೀಟರ್ ಕಡಿದರೂ ಎರಡು ಗುಂಪುಗಳು ಶಾಶ್ವತವಾಗಿ ಬೇರೆಯಾಗಬಹುದು. ಬದಲಿಗೆ ಬೇರೆ ಜಿಲ್ಲೆಯಲ್ಲಿ ಎಷ್ಟು ಸಸಿ ನೆಟ್ಟರೂ ಆ ಕಿಂಡಿ ಮುಚ್ಚುವುದಿಲ್ಲ.

ಋತುವಿನ ಮಾತೂ ಹೀಗೆಯೇ. ಎಷ್ಟೋ ಬಗೆಯ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕೆಂಬ ಪದ್ಧತಿ ಇದೆ. ಮಲೆನಾಡು, ಕರಾವಳಿಯ ಗುಡ್ಡಗಳು ತಮ್ಮ ನಿಜಸ್ವರೂಪ ತೋರಿಸುವುದು ಆಷಾಢದಲ್ಲಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದಾಗ ಮಣ್ಣು ರಸ್ತೆಯನ್ನು ದಾಟಿ ಗಂಗಾವಳಿಗೆ ನುಗ್ಗಿತು. ನದಿಯ ನೀರು ಎದ್ದು ಆಚೆ ದಡದ ಉಳುವರೆ ಗ್ರಾಮದ ಮನೆಗಳಿಗೆ ಬಡಿಯಿತು. ಹೆದ್ದಾರಿಯೇ ಇಲ್ಲದ ದಡದವರು ಹೆದ್ದಾರಿ ಬದಿಯ ಗುಡ್ಡದಿಂದ ಮನೆಮಾರು ಕಳೆದುಕೊಂಡರು. ಬೇಸಿಗೆಯಲ್ಲಿ ಅಳೆದ ಗುಡ್ಡ ಇದನ್ನು ಹೇಳುವುದಿಲ್ಲ. ‘ಆ ಗುಡ್ಡದಲ್ಲಿ ಮಳೆಗಾಲದಲ್ಲಿ ನೀರಿನ ಜರಿ ಒಡೆಯುತ್ತದೆ’ ಎಂದು ಊರಿನ ಹಿರಿಯರು ಸಭೆಯಲ್ಲಿ ಹೇಳಿದರೆ ಅದನ್ನು ಘೋಷಣೆ ಎಂದು ತಳ್ಳಿಹಾಕದೆ ಭೂವಿಜ್ಞಾನದ ಸಾಕ್ಷ್ಯವೆಂದು ಬರೆದುಕೊಳ್ಳಬೇಕು.

ಅಹವಾಲು ಸಭೆಗಳಲ್ಲಿ ಗದ್ದಲ ಆಗುತ್ತದೆ, ನಿಜ. 2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪ ಭಾಗದಲ್ಲಿ ಶರಾವತಿ ಯೋಜನೆಯ ಸಭೆ ನಡೆದಾಗಲೂ ಜನ ಆವೇಶದಿಂದ ಮಾತನಾಡಿದರು. ಆದರೆ ಗದ್ದಲಕ್ಕೆ ಮೂಲ ಎಲ್ಲಿದೆ? ಪರಿಸರ ಪರಿಣಾಮ ಮೌಲ್ಯಮಾಪನ ಕುರಿತ ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ವರದಿಯ ಪ್ರತಿ ಜಿಲ್ಲಾಧಿಕಾರಿ ಕಚೇರಿ, ಪಂಚಾಯಿತಿ ಮುಂತಾದ ಕಡೆ ಸಿಗಬೇಕು. ಸ್ಥಳೀಯ ಭಾಷೆಯಲ್ಲಿ ಕಡ್ಡಾಯವಾಗಿ ಇರಬೇಕಾದದ್ದು ಸಾರಾಂಶ ಮಾತ್ರ. ಪೂರ್ತಿ ವರದಿ ಇಂಗ್ಲಿಷಿನಲ್ಲಿರುತ್ತದೆ. ಹತ್ತಿಪ್ಪತ್ತು ಪುಟದ ಕನ್ನಡ ಸಾರಾಂಶದಲ್ಲಿ ‘ಪರಿಣಾಮ ಅತ್ಯಲ್ಪ’ ಎಂಬ ತೀರ್ಮಾನ ಇರುತ್ತದೆಯೇ ಹೊರತು ಆ ತೀರ್ಮಾನಕ್ಕೆ ಬಂದ ದಾರಿ ಇರುವುದಿಲ್ಲ. ದಾರಿ ತೋರಿಸದೆ ತೀರ್ಮಾನವನ್ನಷ್ಟೇ ಮುಂದಿಟ್ಟರೆ ಜನ ಪ್ರಶ್ನೆ ಕೇಳುವುದು ಹೇಗೆ? ಕೂಗುವುದೊಂದೇ ಉಳಿಯುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ಈ ನಿಯಮಗಳನ್ನೇ ಬದಲಿಸುವ ಕರಡು ಹೊರಡಿಸಿದಾಗ, ಅದು ಕನ್ನಡದಂಥ ಭಾಷೆಗಳಲ್ಲಿ ಸಿಗಲಿಲ್ಲವೆಂಬ ಕಾರಣಕ್ಕೆ ನಮ್ಮ ಹೈಕೋರ್ಟ್ ಅದರ ಅಂತಿಮ ಪ್ರಕಟಣೆಗೆ ತಡೆ ಕೊಟ್ಟಿದ್ದನ್ನು ಇಲ್ಲಿ ನೆನೆಯಬೇಕು. ಪೂರ್ತಿ ವರದಿ ಕನ್ನಡದಲ್ಲಿ ಬರಬೇಕೆಂಬುದು ನಮ್ಮ ಪತ್ರಿಕೆಯ ಸ್ಪಷ್ಟ ನಿಲುವು. ಸಾವಿರಾರು ಕೋಟಿಯ ಯೋಜನೆಯಲ್ಲಿ ಅನುವಾದದ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಸಭೆಯಲ್ಲಿ ಮತದಾನ ನಡೆಯುವುದಿಲ್ಲ ಎಂಬುದನ್ನು ನಮ್ಮ ಓದುಗರೂ ಗಮನಿಸಬೇಕು. ನೂರು ಜನ ಬೇಡವೆಂದರೆ ಯೋಜನೆ ಬೀಳುವುದಿಲ್ಲ, ನೂರು ಜನ ಬೇಕೆಂದರೆ ಏಳುವುದಿಲ್ಲ. ಅಲ್ಲಿ ಹೇಳಿದ್ದು ನಡಾವಳಿಯಲ್ಲಿ ದಾಖಲಾಗಬೇಕು, ಸಭೆಯ ಕೊನೆಗೆ ಅದನ್ನು ಕನ್ನಡದಲ್ಲಿ ಓದಿ ಹೇಳಬೇಕು, ಎತ್ತಿದ ಆಕ್ಷೇಪಗಳಿಗೆ ಅಂತಿಮ ವರದಿಯಲ್ಲಿ ಉತ್ತರ ಇರಬೇಕು. ಆದ್ದರಿಂದ ‘ಯೋಜನೆ ಬೇಡ’ ಎಂಬ ಮಾತಿಗಿಂತ ‘ಇಂಥ ಸರ್ವೆ ನಂಬರಿನ ಒರತೆ ನಿಮ್ಮ ನಕ್ಷೆಯಲ್ಲಿ ಇಲ್ಲ, ಅದರ ನೀರನ್ನು ಇಷ್ಟು ಮನೆಯವರು ಕುಡಿಯುತ್ತೇವೆ’ ಎಂದು ಬರೆದು ಸಹಿ ಹಾಕಿ ಕೊಟ್ಟ ಒಂದು ಹಾಳೆಗೆ ಬಲ ಹೆಚ್ಚು. ಮುಂದೆ ನ್ಯಾಯಾಲಯಕ್ಕೆ ಹೋದರೂ ಕೈಯಲ್ಲಿ ಉಳಿಯುವುದು ಆ ಹಾಳೆಯೇ.

ಇಷ್ಟೂ ವ್ಯವಸ್ಥೆ ಇದ್ದೂ ಅದರ ಬಾಗಿಲಿಗೇ ಬಾರದ ಯೋಜನೆಗಳಿವೆ. ಘಟ್ಟದ ಹಳ್ಳಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಎತ್ತಿನಹೊಳೆಯನ್ನು ಕುಡಿಯುವ ನೀರಿನ ಯೋಜನೆ ಎಂದು ಪರಿಗಣಿಸಿದ್ದರಿಂದ 2006ರ ಅಧಿಸೂಚನೆಯ ಪಟ್ಟಿ ಅದಕ್ಕೆ ತಗಲಲಿಲ್ಲ. ಸಕಲೇಶಪುರದ ಹಳ್ಳಗಳಿಂದ 24.01 ಟಿಎಂಸಿ ನೀರು ಸಿಗುತ್ತದೆ ಎಂಬುದು ಸರ್ಕಾರದ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಹೇಳಿದ್ದು 9.55 ಟಿಎಂಸಿ. ಕಾಡು, ಮರ, ಆನೆ ಎಲ್ಲವನ್ನೂ ಬದಿಗಿಡಿ, ನೀರಾವರಿ ಲೆಕ್ಕ ಬಲ್ಲ ತಾವೇ ಹೇಳಿ: ಇಷ್ಟು ದೊಡ್ಡ ವ್ಯತ್ಯಾಸವನ್ನು ಬಹಿರಂಗವಾಗಿ ಚರ್ಚಿಸದೆ ಪೈಪು ಹೂಳುವುದು ಎಂಜಿನಿಯರಿಂಗ್ ದೃಷ್ಟಿಯಿಂದಾದರೂ ಸರಿಯೇ? ಕೋಲಾರ, ಚಿಕ್ಕಬಳ್ಳಾಪುರದ ಜನರಿಗೆ ನೀರಿನ ಆಸೆ ಹುಟ್ಟಿಸಿದ ಮೇಲೆ ಆ ಲೆಕ್ಕ ಅವರಿಗೂ ಸಲ್ಲಬೇಕಾದದ್ದು.

ತಮ್ಮಲ್ಲಿ ಒಂದು ವಿನಂತಿ ಇದೆ. ಶರಾವತಿ ಯೋಜನೆಯಲ್ಲಿ ಸುರಂಗ ಕೊರೆದು ತೆಗೆಯುವ ಕಲ್ಲುಮಣ್ಣನ್ನು ಎಲ್ಲಿ, ಯಾವ ಇಳಿಜಾರಿನಲ್ಲಿ ಹಾಕುತ್ತಾರೆ, ಆ ಘಟ್ಟದ ಮಳೆಗೆ ಅದು ನಿಲ್ಲುತ್ತದೆಯೇ ಎಂಬುದನ್ನು ಸಾಗರ, ಹೊನ್ನಾವರದ ಓದುಗರು ನಮ್ಮನ್ನು ಪದೇ ಪದೇ ಕೇಳುತ್ತಿದ್ದಾರೆ. ಅದಕ್ಕೆ ಉತ್ತರಿಸುವ ವಿದ್ಯೆ ನಮ್ಮ ಕಚೇರಿಯಲ್ಲಿ ಯಾರಿಗೂ ಇಲ್ಲ, ತಮಗಿದೆ. ವರದಿಯ ಆ ಭಾಗವನ್ನೂ ಪರ್ಯಾಯಗಳ ಅಧ್ಯಾಯವನ್ನೂ ಓದಿ, ಸರಿ ಕಂಡದ್ದನ್ನು ಸರಿಯೆಂದೂ ತಪ್ಪು ಕಂಡದ್ದನ್ನು ತಪ್ಪೆಂದೂ ಕನ್ನಡದಲ್ಲಿ ಬರೆದು ಕಳಿಸಿ. ಯೋಜನೆಯ ಪರವಾಗಿದ್ದರೂ ಒಂದಕ್ಷರ ಬದಲಿಸದೆ ಪ್ರಕಟಿಸುತ್ತೇವೆ. ಆ ಊರುಗಳಿಂದ ಬರುವ ಪ್ರಶ್ನೆಗಳನ್ನು ತಮಗೆ ತಲುಪಿಸುತ್ತೇವೆ.

– ಸಂಪಾದಕ